ಗೇಟಿನ ಮುಂದೆ ಕಾಯುವ ಎಂಜಿನ್

ಓಡುವ ಯಂತ್ರ ಕಂಡು ನಾನು ಬೆರಗಾದವನಲ್ಲ. ಓಡುವುದು ಅದರ ಕೆಲಸ. ಆದರೆ ಮುಂದಕ್ಕೂ ಹೋಗದೆ, ಆರಿಯೂ ಹೋಗದೆ, ನಿಂತಲ್ಲೇ ಗುಟುಗುಟು ಎನ್ನುತ್ತ ಕಾಯುವ ಎಂಜಿನ್ನಿನ ಗುಟ್ಟು ತಿಳಿದ ಮೇಲೆ ಸಿಗ್ನಲ್ಲಿನಲ್ಲಿ ನಿಂತ ರಿಕ್ಷಾಗಳನ್ನೂ ಗೌರವದಿಂದ ನೋಡತೊಡಗಿದ್ದೇನೆ.

ಪುಣೆಯ ನಿಗಡಿಯಲ್ಲಿ ನಮ್ಮ ಪಕ್ಕದ ಮನೆಯವರು ಚನ್ನಬಸಣ್ಣ. ಗದಗಿನ ಕಡೆಯವರು, ಬಟ್ಟೆ ಅಂಗಡಿ. ದೇಹೂ ರೋಡ್ ದಾಟಿದರೆ ಗುಡ್ಡದ ಮೇಲೆ ಅವರದೊಂದು ಪೇರಲ ತೋಟ. ಬಲಗಾಲಿನ ಮೊಣಕಾಲು ಕೈಕೊಟ್ಟ ಮೇಲೆ ಏರು ಹತ್ತಲೆಂದು ಹಳೆಯ ಟೂ-ಸ್ಟ್ರೋಕ್ ಕ್ವಾಡ್ ಬೈಕ್ ಕೊಂಡರು. ನಾಲ್ಕು ದಪ್ಪ ಚಕ್ರಗಳ ಮೇಲೆ ಕೂತ ಮೋಟರ್‌ಸೈಕಲ್ ಅದು. ಗುಡ್ಡದ ಬುಡದ ಚಹಾದಂಗಡಿಯವ ಕಿಕ್ ಹೊಡೆದು ಚಾಲೂ ಮಾಡಿಕೊಟ್ಟರೆ ಇವರು ಮೇಲೆ ಹೋಗುವರು. ತೊಂದರೆ ಇದ್ದದ್ದು ಮೇಲೆ. ಎಕ್ಸಿಲರೇಟರ್ ಬಿಟ್ಟು ತೋಟದ ಗೇಟು ತೆಗೆಯಲು ಇಳಿದರೆ ಸಾಕು, ಎಂಜಿನ್ ಬಂದ್. ಅಲ್ಲಿ ಕಿಕ್ ಹೊಡೆಯುವವರು ಯಾರೂ ಇಲ್ಲ. ಒಮ್ಮೆ ಬೇಲಿಯ ಗೂಟ ಹಿಡಿದು ಕುಂಟುತ್ತ ಇಳಿದು ಬಂದರು.

"ಇನ್ನೊಮ್ಮೆ ಹಿಂಗ ಆತಂದ್ರ ತ್ವಾಟಾನೂ ಬ್ಯಾಡ, ಆ ಗಾಡೀನೂ ಬ್ಯಾಡ. ಸುಮ್ಮ ಮನ್ಯಾಗ ಕೂಡ್ರಿ" ಎಂದು ಹೆಂಡತಿ ನೀಲಕ್ಕ ತೀರ್ಪು ಕೊಟ್ಟರು.

ಹಾಗಾಗಿ ಒಂದು ರವಿವಾರ ಚಹಾದಂಗಡಿಯ ಮುಂದೆ ತನಿಖೆ. ನಮ್ಮ ಊರಲ್ಲಿ ಕೆಟ್ಟ ಗಾಡಿಯ ಸುತ್ತ ಸಭೆ ಸೇರಲು ಆಮಂತ್ರಣ ಬೇಕಿಲ್ಲ. ಹಾಲಿನವನೂ ಬಂದು, ನಿಂತಾಗಿನ ವೇಗ ಹೊಂದಿಸುವ ಐಡ್ಲಿಂಗ್ ಸ್ಕ್ರೂ ಒಂದು ಸುತ್ತು ತಿರುಗಿಸಿ, "ಆತಾ ಬಘಾ!" ಈಗ ನೋಡಿ, ಎಂದ ಮರಾಠಿಯಲ್ಲಿ. ಗಾಡಿ ಕಿರುಚಿತು, ಬಿಸಿಯಾಯಿತು, ಸತ್ತಿತು. ಇನ್ನೊಬ್ಬ ಬಂದು ತಿರುಗಿಸಿದ. ಹೋಗಲಿ, ನಾನೂ ತಿರುಗಿಸಿದೆ. ಸ್ಕ್ರೂ ಎಂಬುದು ದೇವಸ್ಥಾನದ ಗಂಟೆಯಂತೆ. ಮುಂದೆ ನಿಂತವನ ಕೈ ತಾನೇ ಮೇಲೇಳುತ್ತದೆ.

ಕಡೆಗೆ ಪತ್ರಕರ್ತನಾದ ನನಗೆ ಸುದ್ದಿಮನೆಯ ಅಭ್ಯಾಸ ನೆನಪಾಯಿತು. ಒಂದೇ ಸಲಕ್ಕೆ ಎರಡು ಸಾಲು ತಿದ್ದಿದರೆ ತಪ್ಪು ಯಾವುದರಲ್ಲಿತ್ತೆಂದು ತಿಳಿಯುವುದಿಲ್ಲ. ಸ್ಕ್ರೂ ಮೊದಲಿನ ಜಾಗಕ್ಕೆ ತಂದೆವು. ಇನ್ನು ಒಂದು ಸಲಕ್ಕೆ ಒಂದೇ ಬದಲಾವಣೆ. ನಮಗಿದ್ದ ಸುಳಿವೂ ಒಂದೇ: ಗಾಳಿ ತಡೆದು ಪೆಟ್ರೋಲು ಹೆಚ್ಚಿಸುವ ಚೋಕ್ ಎಳೆದರೆ ಬದುಕುತ್ತಿತ್ತು, ಬಿಟ್ಟರೆ ಸಾಯುತ್ತಿತ್ತು. ಅಂದರೆ ಪೆಟ್ರೋಲು ಕಡಿಮೆ ಬರುತ್ತಿರಬೇಕು, ಇಲ್ಲವೇ ಗಾಳಿ ಕಳ್ಳದಾರಿಯಲ್ಲಿ ಒಳಗೆ ಬರುತ್ತಿರಬೇಕು.

ಪೆಟ್ರೋಲು, ಗಾಳಿ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ ಪೈಲಟ್ ಜೆಟ್ ಎಂಬ ಹಿತ್ತಾಳೆಯ ಚೂರನ್ನು ಬೆಳಕಿಗೆ ಹಿಡಿದೆ. ನಡುವೆ ಕೂದಲಿನಷ್ಟು ತೂತು. ಆ ತೂತಿನಾಚೆ ಆಕಾಶದ ಒಂದು ಚುಕ್ಕೆ. ಇನ್ನೊಂದು ಕಣ್ಣು ಮುಚ್ಚಿ ಮತ್ತೆ ನೋಡಿದೆ. ಗುಡ್ಡ ಹತ್ತುವ ಯಂತ್ರ ನಿಂತಾಗ ಬದುಕಿರುವುದು ಈ ಒಂದು ಕೂದಲಿನ ದಾರಿಯಿಂದ!

"ಏನ್ರೀ, ಜಾತಕ ನೋಡಾಕತ್ತೀರೇನು?" ಎಂದರು ಚನ್ನಬಸಣ್ಣ.

ತೂತು ಸ್ವಚ್ಛವಾಗಿತ್ತು. ಹಾಗಾದರೆ ಕಳ್ಳಗಾಳಿ. ಎಲ್ಲ ಮತ್ತೆ ಜೋಡಿಸಿ, ಚೋಕ್ ಎಳೆದು ಚಾಲೂ ಮಾಡಿದೆವು. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯನ್ನು ಚನ್ನಬಸಣ್ಣ ತಮ್ಮ ಬಟ್ಟೆ ಅಂಗಡಿಯಿಂದ ತಂದಿದ್ದರು. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಸೇರಿಸುವ ರಬ್ಬರಿನ ಮೇಲೆ ಸೀರೆಗೆ ಚಿಮುಕಿಸುವಂತೆ ಹಗುರಾಗಿ ಚಿಮುಕಿಸಿದರು. ನೀರು ಗಾಳಿಯ ದಾರಿ ಮುಚ್ಚಿದೊಡನೆ, ರೇಗುತ್ತಿದ್ದ ಎಂಜಿನ್ ತಟ್ಟನೆ ಶಾಂತವಾಯಿತು. ನೀರು ಒಣಗಿದೊಡನೆ ಮತ್ತೆ ರೇಗಿತು. ಮತ್ತೆ ಚಿಮುಕಿಸಿದರು, ಮತ್ತೆ ಶಾಂತ. ಕೇಳಿದ ಪ್ರಶ್ನೆಗೆ ಇಷ್ಟು ನೇರ ಉತ್ತರವನ್ನು ನನಗೆ ಯಾವ ಮಂತ್ರಿಯೂ ಕೊಟ್ಟಿಲ್ಲ.

ರಬ್ಬರು ಬಿಚ್ಚಿ ಮಡಚಿದಾಗ ಸೀಳು ಬಾಯಿ ತೆರೆಯಿತು. ಸುಮ್ಮನಿದ್ದಾಗ ಕಣ್ಣಿಗೇ ಬೀಳದಂಥದು. "ಕಣ್ಣಿಗೆ ಕಾಣೂದಿಲ್ಲ, ಮೂರು ಮಂದಿ ಕಡಿಂದ ಸ್ಕ್ರೂ ತಿರುಗಿಸ್ತದ" ಎಂದು ನಕ್ಕರು ಚನ್ನಬಸಣ್ಣ.

ಮುಂದಿನ ರವಿವಾರ ಹೊಸ ರಬ್ಬರು ಹಾಕಿ ಹೊರಟೆವು. ಅವರು ಗಾಡಿಯ ಮೇಲೆ, ನಾನು ಹಿಂದೆ ಏದುಸಿರು ಬಿಡುತ್ತ. ಗೇಟು ಬಂತು. ಅವರು ಇಳಿದರು, ಸರಪಳಿ ಬಿಚ್ಚಿದರು. ಗಾಡಿ ಗುಟುಗುಟು ಎನ್ನುತ್ತ ಕಾಯುತ್ತಿತ್ತು. ಗೇಟು ತೆರೆದರೂ ಅವರು ಹತ್ತಲಿಲ್ಲ.

"ಯಾಕ್ರೀ?" ಎಂದೆ.

"ತಡೀರಿ. ಅವಸರ ಇಲ್ಲಲ್ಲಾ ಈಗ."

ಇಬ್ಬರೂ ನಿಂತು ಕೇಳಿದೆವು. ಪ್ರತಿ ಬಡಿತಕ್ಕೂ ಇನ್ನೇನು ಆರಿತು ಎನ್ನಿಸುತ್ತಿತ್ತು. ಮರುಬಡಿತ ಬಂದೇ ಬರುತ್ತಿತ್ತು.

ಮನೆಗೆ ಬಂದಾಗ ನೀಲಕ್ಕ ಬಾಗಿಲಲ್ಲೇ ಇದ್ದರು. "ಏನಾತ್ರೀ ಗೇಟಿನ ಹತ್ರ?"

"ಏನೂ ಆಗ್ಲಿಲ್ರಿ" ಎಂದೆ. ಏನೂ ಆಗದ್ದಕ್ಕೆ ಪತ್ರಿಕೆಯಲ್ಲಿ ಜಾಗವಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನಾನು ಕೊಟ್ಟ ಸುದ್ದಿಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ನೆನಪಾಗುವುದಿಲ್ಲ.