ಪುಕ್ಕಟೆ ಸಾಫ್ಟ್‌ವೇರ್ ಆರಿಸುವ ಚಿಕ್ಕಪ್ಪ

ಕಂಪ್ಯೂಟರಿಗೆ ಏನನ್ನಾದರೂ ಇಳಿಸಿಕೊಳ್ಳುವ ಮೊದಲು, ಅದನ್ನು ಇಳಿಸಲು ಯಾವ ಪುಕ್ಕಟೆ ಡೌನ್‌ಲೋಡ್ ಮ್ಯಾನೇಜರ್ ಒಳ್ಳೆಯದೆಂದು ಆರಿಸುವುದು ನಮ್ಮ ಚಿಕ್ಕಪ್ಪನ ಪದ್ಧತಿ. ಕನ್ನಡಕವನ್ನು ಹಣೆಗೇರಿಸಿ ಕೂತರೆಂದರೆ ಒಂದೊಂದರಲ್ಲೂ ಕೊಂಕು ಸಿಗುತ್ತದೆ: ಒಂದು ಜಾಹೀರಾತು ತೋರಿಸುತ್ತದೆ, ಇನ್ನೊಂದು ಕರೆಯದೆ ಬಂದ ನೆಂಟನಂತೆ ತನ್ನ ಜೊತೆ ಮತ್ತಿಬ್ಬರನ್ನು ಒಳಗೆ ಕರೆತರುತ್ತದೆ, ಮೂರನೆಯದರ ಬಣ್ಣ ಕಣ್ಣಿಗೆ ಹೊಡೆಯುತ್ತದೆ. ಹಾಕಿ ನೋಡುತ್ತಾರೆ, ಕಿತ್ತು ಹಾಕುತ್ತಾರೆ, ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಎಲ್ಲಕ್ಕೂ ಅಂಕ ಕೊಡುತ್ತಾರೆ. “ಸುಮ್ಮನೆ ಒತ್ತಿದ್ರೂ ಇಳಿಯುತ್ತೆ ಚಿಕ್ಕಪ್ಪ” ಎಂದರೆ, “ಅರ್ಧಕ್ಕೆ ನಿಂತ್ರೆ ನೀನು ಬಂದು ತಳ್ತೀಯೇನಮ್ಮ?” ಎನ್ನುತ್ತಾರೆ. ಗಂಟಲಿನ ಆಪರೇಷನ್ ಆಗಿ ಚಿಕ್ಕಮ್ಮನ ಧ್ವನಿ ಪೂರ್ತಿ ಹೋದ ವರ್ಷ, ಅವಳು ಓದುವಾಗ ಹಾಡಿದ್ದ ನಾಲ್ಕು ಹಾಡು ಅವಳ ಕಾಲೇಜಿನ ಹಳೆಯ ವೆಬ್‌ಸೈಟಿನಲ್ಲಿ ಇನ್ನೂ ಉಳಿದಿದ್ದವು. ತಿಂಗಳ ಕೊನೆಗೆ ಅದನ್ನು ಮುಚ್ಚಿ ಎಲ್ಲವನ್ನೂ ಅಳಿಸುತ್ತೇವೆಂದು ಕಾಲೇಜಿನವರು ತಿಳಿಸಿದ್ದರು. ಚಿಕ್ಕಪ್ಪ ಬೇರೆ ಯಾರಿಗೂ ಮುಟ್ಟಗೊಡದೆ ಅವನ್ನು ಇಳಿಸಿಕೊಳ್ಳುವ ಕೆಲಸವನ್ನು ತಾವೇ ವಹಿಸಿಕೊಂಡರು. ಚಿಕ್ಕಮ್ಮ ದಿನಾ ಬೆಳಿಗ್ಗೆ “ಆಯ್ತಾ?” ಎಂದು ಚೀಟಿ ಬರೆದು ಕೀಬೋರ್ಡಿನ ಮೇಲೆ ಇಡುತ್ತಿದ್ದಳು. ಅವರು ಅದನ್ನು ಪಕ್ಕಕ್ಕೆ ಸರಿಸಿ ಅಂಕ ಕೊಡುತ್ತಿದ್ದರು. ತಿಂಗಳು ಮುಗಿದಾಗ ಕಣದಲ್ಲಿ ಇನ್ನೂ ಮೂರು ಸಾಫ್ಟ್‌ವೇರ್ ಉಳಿದಿದ್ದವು, ಹಾಡುಗಳು ಉಳಿದಿರಲಿಲ್ಲ. ಮಾರನೆಯ ದಿನದಿಂದ ಚಿಕ್ಕಮ್ಮ ಚೀಟಿ ಬರೆಯುವುದನ್ನೂ ಬಿಟ್ಟಳು. ಈಗಲೂ ಮನೆಗೆ ಬಂದವರನ್ನು ಕೂರಿಸಿಕೊಂಡು, ಅವಸರಪಟ್ಟು ಆರಿಸಿದರೆ ಕಂಪ್ಯೂಟರ್ ಹೇಗೆ ಹಾಳಾಗುತ್ತದೆಂದು ಚಿಕ್ಕಪ್ಪ ವಿವರಿಸುತ್ತಾರೆ. ಯಾರಾದರೂ ಆ ಹಾಡುಗಳ ಸುದ್ದಿ ಎತ್ತಿದರೆ ಚಿಕ್ಕಮ್ಮನ ಕಡೆ ನೋಡಿ ನಗುತ್ತಾರೆ: “ಅವಳಿಗೇನೂ ಬೇಜಾರಿಲ್ಲಪ್ಪ. ಇವತ್ತಿನವರೆಗೂ ಒಂದು ಮಾತು ಆಡಿಲ್ಲ.”