ನಾಲ್ಕನೇ ಬಗೆಯ ಹೆಬ್ಬೆರಳು

ನಮ್ಮ ಮನೆಯ ದೇವರಗೂಡಿನಲ್ಲಿ ಕುಂಕುಮದ ಭರಣಿಯ ಪಕ್ಕ ಒಂದು ಪುಟ್ಟ ಡಬ್ಬಿಯಿದೆ. ಅದರೊಳಗೆ ಸುರುಳಿ ಸುತ್ತಿಟ್ಟ ಕುದುರೆ ಬಾಲದ ಕೂದಲಿದೆ ಎಂದರೆ ನೀವು ನಗಬಹುದು. ಕುದುರೆಗಳ ಊರಾದ ಕುಣಿಗಲ್‌ನಲ್ಲಿ ಅದಕ್ಕೇನು ಬರ? ನಮ್ಮವ್ವನ ಪಾಲಿಗೆ ಅದು ಮನೆಮದ್ದು. ನರಹುಲಿಗೆ ಬಿಗಿದು ಕಟ್ಟಿದರೆ ಕೆಲವೇ ದಿನಗಳಲ್ಲಿ ಒಣಗಿ ಉದುರುತ್ತದೆ ಎಂಬುದು ಅವಳ ನಂಬಿಕೆ. ನನ್ನ ಮಗಳು ಬಲಗೈಯಲ್ಲಿ ಎರಡು ಹೆಬ್ಬೆರಳು ಹೊತ್ತು ಹುಟ್ಟಿದಾಗಲೂ ಅವ್ವ ನೆನೆದದ್ದು ಆ ಡಬ್ಬಿಯನ್ನೇ.

ಮಗುವಿಗೆ ಐದು ತಿಂಗಳು ತುಂಬುತ್ತಲೇ ಅವಳು ಮುಹೂರ್ತವಿಟ್ಟಳು. "ಸೋಮ್ವಾರ ಆ ಚಿಕ್ಕುದ್ಕೆ ಕಟ್ಬುಡ್ತೀನಿ. ಆಸ್ಪತ್ರೆ ಗೋಜೇ ಬ್ಯಾಡ."

ನನ್ನ ಹೆಂಡತಿ ಮಗುವನ್ನು ಎದೆಗವಚಿಕೊಂಡಳು. ನನಗೂ ಭಯವೇ. ಅದಕ್ಕೆ ಮುಂಚೆ ಒಮ್ಮೆ ತುಮಕೂರಿನಲ್ಲಿ ತೋರಿಸೋಣವೆಂದು ಅವ್ವನಿಗೆ ಗೋಗರೆದು, ಅವಳನ್ನೂ ಶಿರಾ ಗೇಟ್ ಬಳಿಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ.

ಗುಬ್ಬಿಯ ಕಾಲೇಜೊಂದರಲ್ಲಿ ಪುಸ್ತಕಗಳನ್ನು ವಿಂಗಡಿಸಿ ಸಂಖ್ಯೆ ಕೊಡುವುದು ನನ್ನ ಕಸುಬು. ಎಲ್ಲಿಯೂ ಸೇರದ ಪುಸ್ತಕಗಳಿಗೆಂದು ನಮ್ಮಲ್ಲಿ 'ಇತರೆ' ಎಂಬ ಕಪಾಟಿದೆ. ಅಲ್ಲಿಗೆ ಹೋದದ್ದನ್ನು ಯಾರೂ ಹುಡುಕುವುದಿಲ್ಲ, ಕಳೆದುಹೋದರೂ ಯಾರೂ ಕೇಳುವುದಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಮಗಳ ಬೆರಳನ್ನು ನಾನೂ ಅಲ್ಲಿಯೇ ಇಟ್ಟಿದ್ದೆ. ಇಂಥ ಬೆರಳುಗಳಿಗೂ ವರ್ಗೀಕರಣವಿದೆ ಎಂದು ಡಾಕ್ಟರಮ್ಮ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ನನಗಾದ ಸಂಭ್ರಮವನ್ನು ನೀವೇ ಊಹಿಸಿಕೊಳ್ಳಿ! ತುದಿಯಿಂದ ಎಣಿಸುತ್ತ ಇಳಿಯಬೇಕಂತೆ. ತುದಿಮೂಳೆ ಅರ್ಧ ಸೀಳಿದ್ದರೆ ಒಂದನೇ ಬಗೆ, ಪೂರ್ತಿ ಎರಡಾಗಿದ್ದರೆ ಎರಡನೆಯದು. ಅದರ ಕೆಳಗಿನ ಮೂಳೆ ಸೀಳಿದ್ದರೆ ಮೂರು, ಅದೂ ಪೂರ್ತಿ ಎರಡಾಗಿದ್ದರೆ ನಾಲ್ಕು. ಹೀಗೆಯೇ ಅಂಗೈಯ ಮೂಳೆಯವರೆಗೆ. ಇಷ್ಟು ಚೆಂದದ ಲೆಕ್ಕ ನನ್ನ ಗ್ರಂಥಾಲಯದಲ್ಲೂ ಇಲ್ಲ. ಚಿತ್ರ ನೋಡಿದವನೇ ಕುರ್ಚಿಯಿಂದ ಎದ್ದು, "ಹಂಗಾದ್ರೆ ನಮ್ದು ನಾಲ್ಕು!" ಎಂದು ಕೂಗಿಬಿಟ್ಟೆ. ಹೆಂಡತಿ ಅಂಗಿ ಹಿಡಿದು ಕೂರಿಸಿದಳು.

"ಕರೆಕ್ಟ್ ಸಾರ್," ಎಂದು ಡಾಕ್ಟರಮ್ಮ ನಕ್ಕರು.

ಅವ್ವ ಮಾತ್ರ ನಗಲಿಲ್ಲ. "ಆ ಚಿಕ್ಕುದ್ಕೆ ಕೂದ್ಲು ಕಟ್ಟುದ್ರೆ ಏನಾಯ್ತದವ್ವ?"

"ಕಟ್ಬೇಡಿ ಅಜ್ಜಿ. ಇದರಲ್ಲಿ ಅಸಲಿ ಒಂದು, ಎಕ್ಸ್‌ಟ್ರಾ ಒಂದು ಅಂತ ಇಲ್ಲ. ಒಂದೇ ಹೆಬ್ಬೆರಳು ಎರಡಾಗಿ ಹಂಚ್ಕೊಂಡಿದೆ, ಎರಡೂ ಕೂತಿರೋದು ಒಂದೇ ಕೀಲಿನ ಮೇಲೆ. ಚಿಕ್ಕದನ್ನ ಸುಮ್ನೆ ಉದುರಿಸಿದ್ರೆ ಕೀಲು ಸಡಿಲ ಆಗಿ ದೊಡ್ಡದು ವಾಲಿಬಿಡುತ್ತೆ. ವರ್ಷ ತುಂಬ್ಲಿ, ಆಪರೇಷನ್ ಮಾಡಿ ಚಿಕ್ಕದನ್ನ ತೆಗೆದು, ಅದರ ಸ್ನಾಯು ಬಿಡಿಸಿ ದೊಡ್ಡದಕ್ಕೆ ಸೇರಿಸಿ ಹೊಲಿಯೋಣ."

ಚೀಟಿಯಲ್ಲಿ ಅವರು 'ದೋಷ' ಎಂದು ಬರೆಯಲಿಲ್ಲ. 'ಹುಟ್ಟಿನಿಂದ ಬಂದ ಕೈಯ ಭಿನ್ನತೆ, ನಾಲ್ಕನೇ ಬಗೆ' ಎಂದು ಬರೆದರು. ವಿಂಗಡಿಸುವುದೆಂದರೆ ದೂರವಿಡುವುದು ಎಂದು ನಾವು ಭಾವಿಸುತ್ತೇವೆ, ಅಲ್ಲವೇ? ತನ್ನದೇ ಜಾಗ ಸಿಕ್ಕ ಪುಸ್ತಕವನ್ನು ಯಾರಾದರೊಬ್ಬರು ಹುಡುಕಿಕೊಂಡು ಬರುತ್ತಾರೆ, ಜೋಪಾನವಾಗಿ ಮುಟ್ಟುತ್ತಾರೆ. ಇಷ್ಟು ವರ್ಷ ಅದೇ ಕೆಲಸ ಮಾಡಿಯೂ ನನಗಿದು ಹೊಳೆದದ್ದು ಆ ದಿನವೇ, ಮತ್ತು ಹೊಳೆದಾಗ ನಿಜಕ್ಕೂ ಕುಣಿಯುವಷ್ಟು ಖುಷಿಯಾಯಿತು.

ಆದರೆ ಅವ್ವ ಮಗುವನ್ನು ಎತ್ತಿಕೊಂಡು ಮುಂದೆ ನಡೆದುಬಿಟ್ಟಳು. ನಾನು ಹಗಲೆಲ್ಲ ಗುಬ್ಬಿಯಲ್ಲಿರುವವನು. ಸೋಮವಾರ ಅವಳು ಹಟಕ್ಕೆ ಬಿದ್ದರೆ ತಡೆಯುವವರು ಯಾರು? ಕುಣಿಗಲ್ ಬಸ್ಸು ಹತ್ತಿ ಕೂತಾಗಲೂ ನನಗೆ ಅದೇ ಚಿಂತೆ. ಅಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬಳು ಅವ್ವನ ಮಡಿಲಲ್ಲಿದ್ದ ಮಗುವಿನ ಕೈ ಕಂಡು ಲೊಚಗುಟ್ಟಿದಳು.

"ಅಯ್ಯೋ, ಆರ್ ಬೆಳ್ಳಾ? ಕುದ್ರೆ ಕೂದ್ಲು ಬಿಗ್ದು ಕಟ್ರವ್ವ, ಉದ್ರೋಯ್ತದೆ."

ಅವ್ವ ಆ ಪುಟ್ಟ ಮುಷ್ಟಿಯನ್ನು ತನ್ನ ಎರಡೂ ಅಂಗೈಗಳಲ್ಲಿ ತೆಗೆದುಕೊಂಡು ಆ ಹೆಂಗಸಿನ ಕಡೆ ತಿರುಗಿದಳು.

"ಸುಮ್ಕಿರವ್ವ, ತಿಳೀದೆ ಮಾತಾಡ್ಬ್ಯಾಡ. ತೋಟ ಭಾಗ ಆಗೈತೆ, ಬಾವಿ ಜಂಟಿ ಐತೆ. ತಮ್ಮುನ್ ಪಾಲು ಅಂತ ಒಂದ್ ಕಡೆ ಕಲ್ಲು ಕಿತ್ರೆ ಅಣ್ಣುನ್ ಕಡೇದೂ ಕುಸ್ದೋಯ್ತದೆ. ನಮ್ದು ನಾಲ್ಕ್ನೇದು ಕಣವ್ವ!"