ಕಾಂಡ್ಲಾ ಸಸಿಗೆ ಹತ್ತಿದ ಚಿಪ್ಪು

ಇದು ನಡೆದದ್ದು ನಿಜ. ನನ್ನ ಯಾವ ಮಾತನ್ನೂ ಒಪ್ಪದ ನನ್ನ ಹೆಂಡತಿ ಇದೊಂದನ್ನು ಒಪ್ಪಿದ್ದಾಳೆ. ಅದಕ್ಕಿಂತ ದೊಡ್ಡ ಸಾಕ್ಷಿ ನನ್ನಲ್ಲಿಲ್ಲ.

ತೊಂಬತ್ತರ ದಶಕದ ಆರಂಭ. ವಿಶಾಖಪಟ್ಟಣದ ಒಂದು ಕಾರ್ಖಾನೆಯಲ್ಲಿ ನಾನು ತೋಟದ ಮೇಲ್ವಿಚಾರಕ. ಕರಾವಳಿಯ ಕುಮಟೆಯವನಾದ್ದರಿಂದ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿರಬೇಕೆಂದು ಮೇಲಿನವರು ತೀರ್ಮಾನಿಸಿ, ಹಿನ್ನೀರಿನ ಕೆಸರಲ್ಲಿ ಮುನ್ನೂರು ಸಸಿ ಬೆಳೆಸುವ ಘನಕಾರ್ಯವನ್ನು ನನ್ನ ತಲೆಗೆ ಕಟ್ಟಿದರು. ಜೊತೆಗೆ ಅಪ್ಪಣ್ಣ, ಹನ್ನೊಂದು ವರ್ಷದಿಂದ ಹಂಗಾಮಿ ಕೆಲಸಗಾರ, ಐವತ್ತು ದಾಟಿದವನು. ಸಸಿ ಬದುಕಿದರೆ ಅವನ ಕೆಲಸ ಖಾಯಂ. ಸತ್ತರೆ ಮನೆಗೆ.

ಒಂದು ದಿನ ಸುದ್ದಿ ಬಂತು, ಮರುದಿನ ಬೆಳಿಗ್ಗೆ ದೊಡ್ಡ ಸಾಹೇಬರ ತಪಾಸಣೆ. ಸಸಿಗಳಿಗೋ ಚಿಪ್ಪು ಹತ್ತಿತ್ತು. ದೋಣಿಯ ತಳಕ್ಕೆ ಅಂಟುವ ಅದೇ ಬಿಳಿ ಚಿಪ್ಪು. ಕೆರೆದು ತೆಗೆಯದಿದ್ದರೆ ಎಳೆ ಗಿಡ ಭಾರಕ್ಕೆ ಬಗ್ಗಿ ಸಾಯುತ್ತದೆ. ನೀರು ಇಳಿದಾಗಲೇ ಆ ಕೆಲಸ. ಅಂದು ಇಳಿತ ರಾತ್ರಿ ಎರಡಕ್ಕೆ.

ಮೊಣಕಾಲುದ್ದ ಕೆಸರು. ಕೊಳೆತ ಮೊಟ್ಟೆಯ ನಾತ. ಲಾಟೀನು ದೂರದ ದಂಡೆಯಲ್ಲಿ... ಲೋಳೆಯೊಳಗೆ ಬೆರಳಿಟ್ಟು ತಡವಿ ಕೆರೆಯಬೇಕು, ಕಿತ್ತದ್ದನ್ನು ಬಕೆಟ್ಟಿಗೆ ಹಾಕಬೇಕು. ಟಕ್... ಟಕ್...

ಅರ್ಧ ಮುಗಿಸಿ ಬಕೆಟ್ಟನ್ನು ದೀಪದ ಬಳಿ ತಂದೆ.

ಚಿಪ್ಪಲ್ಲ. ಉಗುರು. ಮನುಷ್ಯರ ಉಗುರು... ಹಳದಿಯವು, ಬಾಗಿದವು, ಕೆಲವಕ್ಕೆ ಬುಡದಲ್ಲಿ ಚರ್ಮ. ಒಂದರಲ್ಲಿ ಅರ್ಧ ಮಾಸಿದ ಮದರಂಗಿ. ನನ್ನ ಹೊಟ್ಟೆಯಲ್ಲಿದ್ದ ಪೆಸರಟ್ಟು ರಾಜೀನಾಮೆ ಕೊಟ್ಟು ಹೊರಬಂತು.

"ನಿಮಗೂ ಕಾಣ್ತಾ ಇದೆಯಾ ಸಾರ್?" ಅಪ್ಪಣ್ಣ ಪಿಸುಗುಟ್ಟಿದ. "ಹೋದ ಸಲ ಕೆರೆದಾಗಲೇ ನೋಡಿದ್ದೆ. ಹೇಳಿದ್ರೆ ಕುಡಿದಿದ್ದಾನೆ ಅಂತಿದ್ರಿ."

"ರಾತ್ರಿ ಹೊತ್ತು ಉಗುರು ತೆಗೀಬಾರದು ಅಂತ ನಮ್ಮಮ್ಮ..."

"ನಮ್ಮಮ್ಮನೂ ಹೇಳಿದ್ದಳು ಬಾಬೂ. ಆದ್ರೆ ನೀವು ಖಾಯಂ, ನಾನಲ್ಲ. ಇನ್ನೂ ಅರ್ಧ ಉಳಿದಿದೆ. ಬನ್ನಿ."

ಇಳಿದೆವು. ಈ ಸಲ ಗೊತ್ತಿದ್ದೇ ಕೆರೆದೆವು. ಒಂದೊಂದನ್ನು ಕಿತ್ತಾಗಲೂ ಸಸಿ ಸಣ್ಣಗೆ ನಡುಗಿ ಹಿಂದೆ ಸರಿಯುತ್ತಿತ್ತು... ಮಗು ಬೆರಳು ಎಳೆದುಕೊಂಡ ಹಾಗೆ. ಗಾಳಿ ಇರಲಿಲ್ಲ.

ಒಂದು ಸಸಿಯೂ ಸಾಯಲಿಲ್ಲ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಮೆಚ್ಚಿದರು. ಖಾಯಂ ಆದ ದಿನ ಅಪ್ಪಣ್ಣ ಲಡ್ಡು ಕೊಡಲು ಕೈ ಚಾಚಿದ. ಅವನ ಉಗುರುಗಳು ಚಿಪ್ಪಿನ ಹಾಗೆ ದಪ್ಪಗೆ, ಬಿಳಿಯಾಗಿ, ಒರಟಾಗಿದ್ದವು. ಲಡ್ಡು ಬೇಡವೆಂದು ಹೇಳಿ ನನ್ನ ಕೈ ನೋಡಿಕೊಂಡೆ. ಬಲಗೈಯ ಕಿರುಬೆರಳಿನ ಉಗುರು ಮಾತ್ರ ಹಾಗಾಗಿತ್ತು.

ಆ ಉಗುರು ಇಂದಿಗೂ ಕತ್ತರಿಗೆ ಬಗ್ಗುವುದಿಲ್ಲ. ಹೆಂಡತಿ ನನಗೆ ಊಟಕ್ಕೆ ಚಮಚ ಇಡುತ್ತಾಳೆ. ನಾನು ಕೈಯಲ್ಲಿ ಕಲಸಿದರೆ ಅನ್ನ ಕೆಸರು ನಾರುತ್ತದಂತೆ.